ಮಾಯಿಲಪ್ಪ ಮಾವನ ಹಳೆ ಆಯಿಲ್

ಆ ದಿನ ಮಾಯಿಲಪ್ಪ ಮಾವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಬೈಯುವುದು ಹೇಗೆ? ನನ್ನ ಸಂಶೋಧನೆಗೆ ಎಂಜಿನ್ ಕೊಟ್ಟವರು ಅವರೊಬ್ಬರೇ.

ಪುತ್ತೂರಿನ ಲ್ಯಾಬಿನಲ್ಲಿ ನಾನು ಎಂಜಿನ್ ಆಯಿಲಿಗೆ ಬೆರೆಸುವ ಒಂದು ನ್ಯಾನೊಕಾಂಪೋಸಿಟ್ ಪುಡಿ ಮಾಡಿದ್ದೆ. ಅದರ ಕಣ್ಣಿಗೆ ಕಾಣದ ಕಣಗಳು ಆಯಿಲಿನ ಮಂದ ಇಳಿಸಿ ತೆಳುವಾಗಿಸುತ್ತವೆ. ಎಂಜಿನ್ ಹಗುರವಾಗಿ ತಿರುಗುತ್ತದೆ, ಡೀಸೆಲ್ ಉಳಿಯುತ್ತದೆ. ಲ್ಯಾಬಿನಲ್ಲಿ ಮಂದ ಇಳಿದದ್ದು ಹೌದು. ಘಟ್ಟ ಹತ್ತುವ ಜೀಪಿನಲ್ಲಿ ತಿಂಗಳುಗಟ್ಟಲೆ ಬಿಸಿಯಲ್ಲಿ ಕಾದ ಮೇಲೂ ಹಾಗೇ ಇರುತ್ತದೋ, ಪುನಃ ದಪ್ಪವಾಗುತ್ತದೋ? ಅದು ಗೊತ್ತಾಗದೆ ನನ್ನ ಪ್ರಬಂಧ ಮುಗಿಯುವಂತಿರಲಿಲ್ಲ. ಸುಬ್ರಹ್ಮಣ್ಯದ ಜೀಪಿನವರು ಕೈಮುಗಿದು ಕಳಿಸಿದ್ದರು. ಅರಂತೋಡಿನ ಮಾವ, ಬಾಡಿಗೆ ಜೀಪನ್ನೇ ನಂಬಿ ಬದುಕುವವರು, "ಹಾಕು ಮಾರಾಯ್ತಿ, ಹೋದರೆ ಎಂಜಿನ್ ಹೋದೀತು, ನೀನು ಹೋಗುದಿಲ್ಲವಲ್ಲ" ಎಂದು ಬಾನೆಟ್ ಎತ್ತಿದ್ದರು.

ಆಯುಧಪೂಜೆಯ ಮರುದಿನ ಆ ಆಯಿಲ್ ಇಳಿಸಿಕೊಳ್ಳಲು ಕ್ಯಾನ್ ಹಿಡಿದು ಹೋದೆ. ಜೀಪು ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಪೂಜೆಯ ದಿನ ಗಾಡಿಯಲ್ಲಿ ಹಳೆ ಆಯಿಲ್ ಇರಬಾರದೆಂದು ಮಾವ ಪ್ರತಿವರ್ಷದಂತೆ ಅದನ್ನು ಇಳಿಸಿ ಹೊಸತು ತುಂಬಿಸಿದ್ದರು. ಜೀಪು ಓಡಿತಲ್ಲ, ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು ಎಂದೇ ಅವರ ಎಣಿಕೆ. ನಮ್ಮಲ್ಲಿ ಹಳೆ ಆಯಿಲನ್ನು ಯಾರೂ ಚೆಲ್ಲುವುದಿಲ್ಲ, ಗೆದ್ದಲು ಹಿಡಿಯದಿರಲಿ ಎಂದು ಬೇಲಿಯ ಕಂಬಗಳಿಗೆ ಬಳಿಯುತ್ತಾರೆ. ಮಾವ ಅದನ್ನು ನೆರೆಕರೆಗೆಲ್ಲ ಹಂಚಿಬಿಟ್ಟಿದ್ದರು.

ಅಳೆದು ನೋಡಲು ನನಗೆ ಆ ಹಳೆ ಆಯಿಲೇ ಬೇಕಿತ್ತೆಂದು ತಿಳಿದಾಗ ಅವರ ಮುಖ ಹುಳ್ಳಗಾಯಿತು. ಇಬ್ಬರೂ ಮನೆಮನೆಗೆ ಹೋದೆವು. ಹೋದಲ್ಲೆಲ್ಲ ಆಯಿಲ್ ಆಗಲೇ ಕಂಬ ಸೇರಿತ್ತು. ಇನ್ನೊಮ್ಮೆ ಓಡಿಸೋಣವೆಂದರೆ ಪುಡಿಯೂ ಇಲ್ಲ, ಸಮಯವೂ ಇಲ್ಲ. ದಾರಿಯಲ್ಲೇ ಅಳು ಬಂತು.

ಉಳಿದದ್ದು ನೆರೆಕರೆಯ ಪಾತುಮ್ಮನ ಮನೆ ಒಂದೇ. ನಮ್ಮನ್ನು ಕಂಡದ್ದೇ ಅವರು ಒಳಗಿನಿಂದ ಬಾಟಲಿ ತಂದು ಮಾವನ ಮುಂದೆ ಕುಕ್ಕಿದರು.

"ಎಂತ ಆಯಿಲ್ ಇದು ಮಾಯಿಲಪ್ಪಣ್ಣ? ಪ್ರತಿವರ್ಷ ಜೋನಿಬೆಲ್ಲದ ಹಾಗೆ ಇರ್ತಿತ್ತು. ಇದು ಬರೀ ನೀರು. ಒಂದು ಕಂಬಕ್ಕೆ ಬಳಿದು ನೋಡಿದೆ, ಹಿಡಿಯುದೇ ಇಲ್ಲ, ಎಲ್ಲ ಬುಡಕ್ಕೆ ಇಳಿದುಹೋಯ್ತು. ನನಗೆ ಬೇಡ, ನೀವೇ ಇಟ್ಟುಕೊಳ್ಳಿ."

ಮಾವ ಸಮಾಧಾನ ಹೇಳಲು ಹೊರಟರು. ನಾನು ಪಾತುಮ್ಮನನ್ನು ತಬ್ಬಿಕೊಂಡುಬಿಟ್ಟೆ. ಆಯಿಲಿನ ಬಗ್ಗೆ ಅಷ್ಟು ಚೆಂದದ ದೂರನ್ನು ನಾನು ಎಲ್ಲೂ ಕೇಳಿರಲಿಲ್ಲ.

ಡೀಸೆಲ್ ಸೋರಿ ಬೆರೆತರೂ ಆಯಿಲ್ ತೆಳುವಾಗುತ್ತದೆ. ಅದಕ್ಕೇ ಪುತ್ತೂರಿಗೆ ಒಯ್ದು ಅಳೆಯುವವರೆಗೆ ಯಾರಿಗೂ ಹೇಳಲಿಲ್ಲ. ಡೀಸೆಲ್ ಬೆರೆತಿರಲಿಲ್ಲ. ಮಂದ ಇಳಿದದ್ದು ಇಳಿದ ಹಾಗೇ ಇತ್ತು. ಫೋನಿನಲ್ಲಿ ತಿಳಿಸಿದಾಗ ಮಾವ ಊಟ ಆಯಿತಾ ಎಂದು ಕೇಳಿದರು. ಇವರಿಬ್ಬರ ಋಣ ನಾನು ತೀರಿಸುವಂಥದ್ದಲ್ಲ.

ಆದರೂ ಮುಂದಿನ ಭಾನುವಾರ ಗ್ಯಾರೇಜಿನಿಂದ ಒಂದು ಕ್ಯಾನ್ ಅಂಟಂಟು ಹಳೆ ಆಯಿಲ್ ಕೇಳಿ ತಂದು, ಮೊದಲಿನದನ್ನು ನೀರು ಮಾಡಿದ್ದು ನನ್ನ ಪುಡಿಯೇ ಎಂದು ಒಪ್ಪಿಕೊಂಡು ಪಾತುಮ್ಮನಿಗೆ ಕೊಟ್ಟೆ. ಅವರು ಕಡ್ಡಿ ಅದ್ದಿ, ಎತ್ತಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದರು.

"ಇದು ನೋಡು ಆಯಿಲ್. ಇನ್ನು ಮಾಡುದಾದರೆ ಹೀಗೆ ಮಾಡು ಮಗಳೇ."