ಎಡಗೈಗೆ ಕಟ್ಟಿದ ರೇಷ್ಮೆ

ಲಾಳಿ ಎಡಕ್ಕೆ ಹೋಯಿತು, ಎಡಗೈ ಹಿಡಿಯಿತು, ತಿರುಗಿ ಬಲಕ್ಕೆ ಎಸೆಯಿತು — ನನ್ನ ಎಡಗೈಯನ್ನು ಯಾರೂ ಕಟ್ಟಲಿಲ್ಲವಲ್ಲ, ಕಟ್ಟಿದ್ದರೆ ಒಂದು ಸೀರೆಯೂ ಮಗ್ಗದಿಂದ ಇಳಿಯುತ್ತಿರಲಿಲ್ಲ, ಕಾಲು ಇಳಿಬಿಟ್ಟು ಕೂತ ಮಗ್ಗದ ಗುಂಡಿಯಿಂದ ತಲೆ ಎತ್ತಿದರೆ ಎದುರಿಗೆ ನನ್ನ ಮಗಳು ಎರ್ರಮ್ಮ, ತೊಡೆಯ ಮೇಲೆ ಸ್ಲೇಟು, ಬಾಯಿ ತೆರೆದಿದೆ, ಮಾತಿಲ್ಲ, ಏನಾದರೂ ಅನ್ನಲಿ, ನಾನ್ನಾ ಅನ್ನಲಿ, ಅಪ್ಪಾ ಅನ್ನಲಿ, ಬೈಯಲಿ ಬೇಕಾದರೆ. ಹೋದ ಯುಗಾದಿಗೆ ಇವಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು, ಅರ್ಧ ತೆಲುಗು ಅರ್ಧ ಕನ್ನಡ, ಪಕ್ಕದ ಮನೆಯ ಬೊಮ್ಮಣ್ಣ ನಗುತ್ತಿದ್ದ, ಲೇ ವೆಂಕಟಪ್ಪ, ನಿನ್ ಮಗ್ಗದ ಸದ್ದೇ ಕೇಳಂಗಿಲ್ಲ ಕಣೋ ಇವಳ ಮುಂದೆ. ಆಮೇಲೆ ಶಾಲೆಗೆ ಹಾಕಿದೆ, ಶಾಂತವೀರಪ್ಪ ಮೇಷ್ಟ್ರು ಅಂದರು, ಎಡಗೈಲಿ ಅಕ್ಷರ ಬರೀತಾಳಲ್ರಿ, ಸರಸ್ವತಿಗೆ ಅಪಚಾರ, ಮನೇಲಿ ಆ ಕೈ ಕಟ್ಟಿ ತಿದ್ದಿಸ್ರಿ. ನನ್ನ ಹೆಂಡತಿ ಓಬಕ್ಕ ಹಗ್ಗ ತರಲಿಲ್ಲ, ಮಗ್ಗದ ಕೆಂಪು ರೇಷ್ಮೆ ಎಳೆಗಳನ್ನು ಹುರಿಮಾಡಿ ಮಗಳ ಎಡ ಮಣಿಕಟ್ಟನ್ನು ಸೊಂಟಕ್ಕೆ ಬಿಗಿದಳು, ಇದು ಮೆತ್ತಗೈತೆ, ನೋಯಲ್ಲ ಕಣವ್ವ ಅಂದಳು, ನೋಯಲಿಲ್ಲ ನಿಜ, ಹರಿಯಲೂ ಇಲ್ಲ. ಬಲಗೈ ಬರೆಯಲು ಕಲಿಯಿತು, ನಾಲಿಗೆ ತೊದಲತೊಡಗಿತು, ನಾ ನಾ ನಾ — ಕೊನೆಗೆ ಅದೂ ನಿಂತಿತು. ಗಾಡಿ ಕಟ್ಟಿಕೊಂಡು ಚಳ್ಳಕೆರೆಗೆ ಓಡಿದೆ, ಪ್ಲೇಗಿನ ವರ್ಷ ನಮ್ಮೂರಿಗೆ ಬಂದಿದ್ದ ಡಾಕ್ಟರು ಬಾಯಿ ನೋಡಿದರು, ಆಮೇಲೆ ಮಣಿಕಟ್ಟು ನೋಡಿದರು, ಯಾಕಯ್ಯ ಕಟ್ಟಿದ್ರಿ, ಕೈಗೂ ಮಾತಿಗೂ ಮಿದುಳಿನೊಳಗೆ ನಂಟಿದೆ ಅಂತಾರೆ ಈಗಿನವರು, ಒಂದನ್ನ ಬಿಗಿದ್ರೆ ಇನ್ನೊಂದು ತೊಡಕಾಗಬಹುದು, ಬಿಚ್ಚು, ಯಾವ ಕೈಲಿ ಬರುತ್ತೋ ಅದ್ರಲ್ಲೇ ಕಲೀಲಿ, ಗದರಬೇಡ. ಮಾತು ವಾಪಸ್ ಬರ್ತೈತೇನ್ರಿ ಅಂದೆ, ಅವರು ಕಿಟಕಿಯ ಕಡೆ ನೋಡಿದರು, ಯಾಕೆ ನೋಡಿದರು, ಏನಿತ್ತು ಅಲ್ಲಿ. ಊರಿಗೆ ಬಂದವನೇ ಮೇಷ್ಟ್ರ ಬಾಗಿಲಲ್ಲಿ ನಿಂತು, ಇನ್ನು ಇವಳು ಎಡಗೈಲೇ ಬರೀತಾಳೆ ಅಂತ ಬೀದಿಗೆಲ್ಲ ಕೇಳುವಂತೆ ಅರಚಿದೆ, ಆಯ್ತು ಮಾರಾಯ, ಕಾಲಲ್ಲಿ ಬೇಕಾದ್ರೂ ಬರೀಲಿ ಅಂದರು. ಇಲ್ಲಿ, ಇವಳ ಮುಂದೆ, ಅರಚುವಂತಿಲ್ಲ, ನನ್ನ ಗಂಟಲಿಗೆ ನಾನೇ ಹೆದರುತ್ತೇನೆ, ಒಂದು ದೊಡ್ಡ ಮಾತು ಹೊರಬಿದ್ದರೆ ಇವಳೊಳಗೆ ಉಳಿದಿರುವ ಚೂರು ಮಾತೂ ಮುದುರಿಕೊಂಡರೆ — ಮೆಲ್ಲಗೆ, ಮೆಲ್ಲಗೆ, ಬರಿಯವ್ವಾ, ನಿನಗೆ ಬಂದ ಕೈಲಿ ಬರಿ. ಬಲಗೈಯ ಬಳಪವನ್ನು ಕೆಳಗಿಟ್ಟಳು, ಸರಿ, ಎಡಗೈ ಅಲ್ಲಾಡಿತು, ಸರಿ, ಸೊಂಟ ಬಿಟ್ಟು ಎರಡು ಬೆರಳಷ್ಟು ಬಂದು ನಿಂತುಬಿಟ್ಟಿತು, ಅಲ್ಲಿಗೇ, ದಾರ ಇದ್ದಾಗ ನಿಲ್ಲುತ್ತಿದ್ದಲ್ಲಿಗೇ, ಬಿಚ್ಚಿದೆನಲ್ಲ ನಾನೇ, ಕತ್ತರಿಸಿ ಒಲೆಗೆ ಹಾಕಿದೆನಲ್ಲ, ಲಾಳಿ ನನ್ನ ಎಡಗೈಗೆ ಬಂತು, ಹಿಡಿಯಲಿಲ್ಲ, ಗುಂಡಿಗೆ ಬಿತ್ತು, ಎರ್ರಮ್ಮಾ ಕೈ ಎತ್ತವ್ವಾ, ದಾರ ಇಲ್ಲ, ಇಲ್ಲ — ಅವಳ ಮಣಿಕಟ್ಟಿನ ಸುತ್ತ ದಾರ ಬಿಟ್ಟುಹೋದ ಆ ಕೆಂಪು ಗೆರೆ.