ತೆರೆದೇ ಇದ್ದ ಗೇಟು

ಗಾಡಿ ಓಡಿಸುವವರು ಗೇಟು ತೆರೆಯಲು ಇಳಿಯುವುದಿಲ್ಲ, ಪಕ್ಕದಲ್ಲಿ ಕೂತವರೇ ಇಳಿಯಬೇಕು. ವೈರರಾಪ ಎಂಬ ಕುರಿಸೀಮೆಯ ಹಳ್ಳಿಗಾಡಿನಲ್ಲಿ ಈ ಮಾತು ಕಾನೂನಿಗಿಂತ ಗಟ್ಟಿ. ಎರಾನ ಗಾಡಿ ಓಡಿಸುತ್ತಿದ್ದಳು, ಪಕ್ಕದಲ್ಲಿದ್ದವನು ಅವಳ ಗಂಡ ಫರ್ಗಸ್. ಹಾಗಾಗಿ ಗೇಟುಗಳೆಲ್ಲ ಅವನ ಪಾಲಿಗೆ ಬಂದವು.

ಫರ್ಗಸ್ ವೆಲಿಂಗ್ಟನ್ ಪೇಟೆಯಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಎರಾನಳನ್ನು ಮದುವೆಯಾಗಿ ವರ್ಷ ತುಂಬಿತ್ತು. ಅವಳ ಮಗ ಆರು ವರ್ಷದ ಹೋನೆ ಮೊದಲ ವಾರವೇ ಹೊಸ ಅಪ್ಪನ ಹೆಗಲೇರಿ ಕೂತಿದ್ದ. ಮಗಳು ರಿಪೇಕಳದು ಬೇರೆ ದಾರಿ. ಹತ್ತು ವರ್ಷದ ಆ ಹುಡುಗಿ ಅವನನ್ನು ಯಾವ ಹೆಸರಿನಿಂದಲೂ ಕರೆದವಳಲ್ಲ. ಉಪ್ಪಿನ ಡಬ್ಬಿ ಅವನ ಮೂಗಿನ ಕೆಳಗೇ ಇದ್ದರೂ ಅಮ್ಮನನ್ನೇ ಕೇಳುವಳು. ಸ್ಕೂಲಿನಲ್ಲಿ ಯಾರಾದರೂ ವಿಚಾರಿಸಿದರೆ, ಅಮ್ಮನಿಗೆ ಬೇಕಾದವರು ಎಂದು ಹೇಳಿ ಮುಗಿಸುವಳು. ಈ ರಜೆಯಲ್ಲಾದರೂ ಹುಡುಗಿ ತನ್ನನ್ನು ಒಪ್ಪಿಕೊಂಡರೆ ಸಾಕಪ್ಪಾ ಎಂದು ಫರ್ಗಸ್ ಒಳಗೊಳಗೇ ಹಂಬಲಿಸುತ್ತಿದ್ದ. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಆದರೆ ಎರಾನಳಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ.

ಆ ಮನೆಗಾಡಿ ಎರಾನಳ ತಂದೆಯದು. ಮಂಚ, ಒಲೆ, ಸಿಂಕು ಎಲ್ಲ ಅದರೊಳಗೇ ಇದ್ದು, ಒಂದೊಂದು ತಿರುವಿಗೂ ಪಾತ್ರೆಗಳು ತಾಳ ಹಾಕುತ್ತಿದ್ದವು. ತಾತ ಬದುಕಿದ್ದ ತನಕ ಪ್ರತಿ ವಸಂತದಲ್ಲೂ ಮೊಮ್ಮಕ್ಕಳನ್ನು ಇದರಲ್ಲಿ ತುಂಬಿಕೊಂಡು ಒಂದೇ ಕೊಲ್ಲಿಗೆ ಹೋಗುತ್ತಿದ್ದರು. ಆ ಕೊಲ್ಲಿಗೆ ಹೋಗಬೇಕಾದರೆ ಬೆರಿಲ್ ಎಂಬ ಮುದುಕಿಯ ಕುರಿಗಾವಲು ದಾಟಬೇಕು. ಬೆರಿಲ್ ದಾರಿಗೆ ಕಾಸು ಕೇಳುವವಳಲ್ಲ. ಆದರೆ ಗೇಟಿನ ವಿಷಯದಲ್ಲಿ ತಪ್ಪಿದವರನ್ನು ಮತ್ತೆ ಒಳಗೆ ಬಿಟ್ಟವಳೂ ಅಲ್ಲ. ಹೋದ ವರ್ಷ ತನ್ನ ಸ್ವಂತ ತಂಗಿಯ ಮಗನನ್ನೇ ಆಚೆಗಟ್ಟಿದ್ದಳು.

ಮೊದಲ ಗೇಟಿನ ಮುಂದೆಯೇ ಎರಾನ ಗಂಡನಿಗೆ ಇದನ್ನೆಲ್ಲ ಹೇಳಿ, "ಗೇಟಿನ ವಿಷ್ಯದಲ್ಲಿ ಜೋಪಾನ ಕಣೋ," ಎಂದಳು.

ಜೋಪಾನ ಅಂದರೆ ಏನು? ಪೇಟೆಯವನಿಗೆ ಜೋಪಾನ ಅಂದರೆ ಬಾಗಿಲು ಭದ್ರವಾಗಿ ಮುಚ್ಚುವುದು. ಕುರಿ ಸಾಕುವವರಿಗೆ ಜೋಪಾನ ಅಂದರೆ ಮುಚ್ಚಿದ್ದನ್ನು ಮುಚ್ಚುವುದು, ತೆರೆದಿದ್ದನ್ನು ತೆರೆದೇ ಬಿಡುವುದು. ಕಂಡ ಹಾಗೇ ಬಿಟ್ಟು ನಡೆ ಎಂಬುದನ್ನು ಅಲ್ಲಿನ ಮಕ್ಕಳು ಹಾಲು ಕುಡಿಯುವಾಗಲೇ ಕಲಿತಿರುತ್ತಾರೆ. ಅದನ್ನೂ ಬಿಡಿಸಿ ಹೇಳಬೇಕು ಎಂದು ಎರಾನಳಿಗೆ ಹೊಳೆಯಲೇ ಇಲ್ಲ.

ಎರಡು ಗೇಟುಗಳನ್ನು ಫರ್ಗಸ್ ಇಳಿದು ತೆರೆದ, ಗಾಡಿ ದಾಟಿದ ಮೇಲೆ ಮುಚ್ಚಿದ. ಮೂರನೆಯದು ಗುಡ್ಡದ ಪಕ್ಕದಲ್ಲಿ ಹಾರುಹೊಡೆದಿತ್ತು. ಅಯ್ಯೋ, ಯಾರೋ ಮರೆತು ಹೋಗಿದ್ದಾರೆ ಎಂದು ಮರುಗಿ, ದಾಟಿದ ಮೇಲೆ ಗಾಡಿ ನಿಲ್ಲಿಸಲು ಹೇಳಿ ಇಳಿದ. ಎರಾನ ಹಿಂದೆ ತಿರುಗಿ, ವಾಂತಿ ಬರುತ್ತೆ ಅನ್ನುತ್ತಿದ್ದ ಹೋನೆಯ ಬಾಯಿಗೆ ಚೀಲ ಹಿಡಿದಿದ್ದಳು. ಫರ್ಗಸ್ ಗೇಟನ್ನು ಎಳೆದು, ಸರಪಳಿ ಸಿಕ್ಕಿಸಿ, ಎರಡು ಸಲ ಅಲ್ಲಾಡಿಸಿ ನೋಡಿದ. ತಲೆ ಎತ್ತಿದರೆ ಕಿಟಕಿಯ ಗಾಜಿಗೆ ಮೂಗೊತ್ತಿ ರಿಪೇಕ ಅವನನ್ನೇ ನೋಡುತ್ತಿದ್ದಳು. ಅವನು ಹೆಮ್ಮೆಯಿಂದ ಹೆಬ್ಬೆರಳು ಎತ್ತಿದ. ಅವಳು ಮುಖ ತಿರುಗಿಸಿದಳು.

ಕೊಲ್ಲಿಯಲ್ಲಿ ಅವತ್ತು ಸೊಗಸೋ ಸೊಗಸು. ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿದ್ದರೂ ಮಕ್ಕಳು ಕೇಳಬೇಕಲ್ಲ. ಬಂಡೆಗಳ ನಡುವಿನ ಹೊಂಡದಲ್ಲಿ ಹೋನೆ ಏಡಿ ಹುಡುಕಿದ, ಏಡಿಯೇ ಅವನ ಬೆರಳು ಹುಡುಕಿಕೊಂಡಿತು. ಎರಾನ ಕಲ್ಲಿಗಂಟಿದ್ದ ಮಸೆಲ್ ಎಂಬ ಚಿಪ್ಪುಮೀನುಗಳನ್ನು ಕಿತ್ತು ತಂದು ಬೇಯಿಸಿದಳು. ಫರ್ಗಸ್ ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಕೊಟ್ಟ. ರಿಪೇಕ ಅವನ ಕೈಯಿಂದ ಒಂದು ತೆಗೆದುಕೊಂಡಳು, ಆದರೆ ತಿನ್ನದೆ ಗುಡ್ಡದ ಕಡೆಗೇ ನೋಡುತ್ತ ಕೂತಳು.

ಗಾಳಿ ದಿಕ್ಕು ಬದಲಿಸಿದಾಗ ಗುಡ್ಡದಿಂದ ಅರಚಾಟ ಕೇಳಿಬಂತು. ಒಂದೆರಡಲ್ಲ, ಮಂದೆಗೆ ಮಂದೆಯೇ ಬ್ಯಾ ಎನ್ನುತ್ತಿತ್ತು. ಎರಾನ ಪಾತ್ರೆ ಕೆಳಗಿಟ್ಟಳು. ಅಷ್ಟರಲ್ಲಿ ನಾಲ್ಕು ಚಕ್ರದ ಬೈಕಿನಲ್ಲಿ ಬೆರಿಲ್ ಇಳಿದು ಬಂದಳು, ಹಿಂದೆ ನಾಯಿ ಕೂತಿತ್ತು.

ಅವಳು ಬೆಳಿಗ್ಗೆ ಹೊಸ ಹುಲ್ಲಿಗೆಂದು ಗೇಟು ತೆರೆದಿಟ್ಟಿದ್ದಳು. ತಾಯಿಕುರಿಗಳು ಮುಂದೆ ಹೋಗಿದ್ದವು. ಮರಿಗಳು ಬಿಸಿಲಿಗೆ ಮೈಯೊಡ್ಡಿ ನಿದ್ದೆ ಹೊಡೆದು, ನಿಧಾನವಾಗಿ ಹಿಂದೆ ಬರುವುದಿತ್ತು. ಈಗ ತಾಯಂದಿರು ಆಚೆ, ಮರಿಗಳು ಈಚೆ.

"ಯಾರು ಮುಚ್ಚಿದ್ದು?" ಎಂದಳು ಬೆರಿಲ್.

ಎರಾನಳ ಮುಖ ಬಿಳಿಚಿತು. ಅಪ್ಪನ ಕೊಲ್ಲಿ ಕೈತಪ್ಪುತ್ತದೆ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಫರ್ಗಸ್‌ಗೂ ಅರ್ಥವಾಯಿತು. ಒಂದು ಸುಳ್ಳಿಗೆ ಜಾಗವಿತ್ತು, ಆ ದಾರಿಯಲ್ಲಿ ಬೆಳಗಿನಿಂದ ಬೇರೆಯವರೂ ಬಂದಿರಬಹುದಲ್ಲ. ಅವನು ಆ ಜಾಗಕ್ಕೆ ಹೋಗಲಿಲ್ಲ.

"ನಾನೇ ಮುಚ್ಚಿದ್ದು. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡೆ," ಎಂದ.

ಬೆರಿಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಾತು ಆಮೇಲೆ, ಮೊದಲು ಮರಿಗಳು, ಎಲ್ಲರೂ ಗುಡ್ಡ ಹತ್ತಿ ಎಂದಳು.

ಗೇಟು ತೆರೆದದ್ದೇ ತಡ, ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಮರಿಗಳು ಎಲ್ಲೆಂದರಲ್ಲಿ ಓಡಿದವು. ಕಂಡಕಂಡ ಕೆಚ್ಚಲಿಗೆ ಬಾಯಿ ಹಾಕಿ ಒದೆ ತಿಂದವು. ಹೋನೆ ಕೈ ಅಗಲಿಸಿಕೊಂಡು ಅಡ್ಡಗಟ್ಟಿದ. ರಿಪೇಕ ನಾಯಿಗಿಂತ ಚುರುಕಾಗಿ ಓಡಿದಳು. ಫರ್ಗಸ್ ದಾರಿ ತಪ್ಪಿದ ಮರಿಯೊಂದನ್ನು ಎತ್ತಿಕೊಂಡು ಇಳಿಜಾರಿನಲ್ಲಿ ಜಾರಿ, ಸಗಣಿಯ ಮೇಲೆ ಕೂತೇ ಅರ್ಧ ಗುಡ್ಡ ಇಳಿದ. ಮರಿಯನ್ನು ಮಾತ್ರ ಬಿಡಲಿಲ್ಲ. ಎರಾನ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಿಪೇಕಳೂ ನಕ್ಕಳು, ತಡೆದುಕೊಳ್ಳಲು ನೋಡಿ ಆಗದೆ ಇನ್ನೂ ಜೋರಾಗಿ ನಕ್ಕಳು.

ಕೊನೆಯ ಮರಿಯೂ ತನ್ನ ತಾಯಿಯನ್ನು ಸೇರಿ ಬಾಲ ಅಲ್ಲಾಡಿಸುತ್ತ ಹಾಲು ಹೀರತೊಡಗಿದಾಗ ಗುಡ್ಡ ತಣ್ಣಗಾಯಿತು. ಬೆರಿಲ್ ಎರಾನಳ ಕಡೆ ತಿರುಗಿದಳು. "ನಿಮ್ಮಪ್ಪನ ಗಾಡಿಯಲ್ಲಿ ಇಂಥವರನ್ನ ಕಂಡಿರ್ಲಿಲ್ಲ. ಯಾರಮ್ಮ ಈ ಮಹಾನುಭಾವ?"

ಎರಾನ ಬಾಯಿ ತೆರೆಯುವ ಮೊದಲೇ ರಿಪೇಕ ಬಂದು ಫರ್ಗಸ್‌ನ ಪಕ್ಕ ನಿಂತಳು. ಅವನ ಬಟ್ಟೆಯ ವಾಸನೆಗೆ ಮೂಗು ಸೊಟ್ಟ ಮಾಡಿಕೊಂಡರೂ ನಿಂತಳು.

"ನಮ್ಮೋರು, ಅಜ್ಜಿ. ಪೇಟೇಲಿ ಬೆಳೆದವ್ರು, ಇವ್ರಿಗೆ ಗೊತ್ತಾಗಲ್ಲ. ಮುಚ್ಚೋವಾಗ ನಾನು ನೋಡ್ತಾನೇ ಇದ್ದೆ, ಬೇಕಂತಲೇ ಹೇಳ್ಲಿಲ್ಲ. ಬೈಯೋದಿದ್ರೆ ನಂಗೂ ಸೇರಿಸಿ ಬೈರಿ."

ಬೆರಿಲ್ ಬೈಕು ಹತ್ತಿ, ನಾಯಿಯನ್ನು ಕೂರಿಸಿಕೊಂಡು, "ನಿಮ್ಮೋರು ಅಂದ್ಮೇಲೆ ಕಲಿಸೋದೂ ನಿಂದೇ ಕೆಲ್ಸ. ಮುಂದಿನ ವರ್ಷ ಕಲಿಸ್ಕೊಂಡು ಬಾ," ಎಂದಳು.

ಬೈಕಿನ ಸದ್ದು ಗುಡ್ಡದಾಚೆ ಹೋಯಿತು. ಫರ್ಗಸ್ ಹುಲ್ಲಿನ ಮೇಲೆ ಹಾಗೇ ಕುಸಿದು ಕೂತ. ಹೋನೆ ಬಗ್ಗಿ ಅವನ ಮುಖ ನೋಡಿ, ಬಿದ್ದಿದ್ದಕ್ಕೆ ಅಳ್ತಿದ್ದೀಯಾ ಎಂದು ಕೇಳಿದ. ಇಲ್ಲ, ಖುಷಿಗೆ ಎಂದ ಫರ್ಗಸ್.

"ಆಮೇಲೆ ಅಳಿ, ಏಳಿ," ಎಂದು ರಿಪೇಕ ಅವನಿಗೆ ಕೈ ಕೊಟ್ಟಳು.