ಕಂಬಳಿಯಾಚೆಯ ತೋಳು

"ಎಡಗೈಯಾಗ ಸೂಜಿ ಗುರುತೇ ಇಲ್ಲಲ್ಲ ತಂಗಿ," ಎಂದು ಹಂಪವ್ವ ಸತ್ತವಳ ತೋಳನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು.

ಸೊಸೆ ಶೇಖರಮ್ಮ ಕೈಯ ತಂಬಿಗೆಯನ್ನು ಹಲಗೆಯ ಮೇಲೆ ಕುಕ್ಕಿದಳು. "ಅತ್ತಿ ಬಲಗೈಗೆ ಹಾಕಿಸ್ಕೊಂಡಾಳ," ಎಂದವಳೇ, ಹಂಪವ್ವ ಆ ಕಡೆ ಬರುವ ಮೊದಲೇ ಹಿಡಿ ವಿಭೂತಿಯನ್ನು ನೀರಲ್ಲಿ ನೆನೆಸಿ ಅತ್ತೆಯ ಬಲದೋಳಿಗೆ ಭುಜದಿಂದ ಮೊಣಕೈವರೆಗೆ ದಪ್ಪಗೆ ಬಳಿದುಬಿಟ್ಟಳು.

"ಇರ್ಲಿ ಬಿಡವಾ. ಎಲ್ಲಿ ಚುಚ್ಚಿದ್ರೇನು, ಜೀವ ತಗೊಂಡು ಹೋತು," ಎಂದು ನೆರೆಮನೆಯ ಹಂಪವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಳಕಮ್ಮನ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಎಪ್ಪತ್ತು ದಾಟಿದ ಮುದುಕಿ. ಮಗ ದೇವೇಂದ್ರಪ್ಪನಿಗೆ ಬೆಲ್ಲ, ಶೇಂಗಾದ ವ್ಯಾಪಾರ. ಅಂಗಡಿ ಅವನದು, ಬೀಗದ ಕೈ ಅವಳದು. ಬದುಕಿದ್ದಾಗ ಅವಳ ಬಾಯಿಗೆ ಅಂಜಿ ಓಣಿಯ ಹೆಂಗಸರು ಸುತ್ತುಬಳಸಿ ನೀರಿಗೆ ಹೋಗುತ್ತಿದ್ದರು. ಚಿಟಿಕೆ ಉಪ್ಪು ಕೇಳಿ ಬಂದವಳಿಗೆ ಅವಳ ಅಜ್ಜಿಯ ಹುಳುಕಿನಿಂದ ಶುರುಮಾಡಿ ಕಥೆ ಹೇಳಿ, ಕೊನೆಗೆ ಉಪ್ಪು ಕೊಡದೆ ಕಳಿಸುತ್ತಿದ್ದಳು. ಅದೇ ಹೆಂಗಸರು ಇಂದು ಅಂಗಳದಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎನ್ನುವುದು ಸುಳ್ಳಲ್ಲ. ಮುದುಕಿ ಮುಪ್ಪಿನಿಂದ ಹೋಗಿದ್ದರೆ ಇವರಲ್ಲಿ ಅರ್ಧ ಜನ ಹೊಲದಲ್ಲಿರುತ್ತಿದ್ದರು. ಸೂಜಿ ಹಾಕಿಸಿಕೊಂಡ ಎರಡು ದಿನಕ್ಕೆ ಸತ್ತಳು ಎಂಬ ಸುದ್ದಿಯೇ ಊರನ್ನೆಲ್ಲ ಎಳೆದು ತಂದಿತ್ತು.

ಶೇಖರಮ್ಮ ಸೀರೆ ಉಡಿಸಲು ಬಗ್ಗಿದಳು. ಎರಡೂ ತೋಳು ಕಿತ್ತುಹೋಗುವಂತೆ ನೋಯುತ್ತಿದ್ದವು. ಕುಪ್ಪಸದ ತೋಳು ಊತಕ್ಕೆ ಬಿಗಿದು ಮಾಂಸಕ್ಕೆ ಒತ್ತುತ್ತಿತ್ತು. ಯಾರಾದರೂ ನೋಡಿಯಾರೆಂದು ಅವಳು ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದಿದ್ದಳು. ಮಗಳು ಪಂಪಾವತಿ ಅವಳ ನಿರಿಗೆ ಹಿಡಿದುಕೊಂಡು ಅಜ್ಜಿಯನ್ನೇ ನೋಡುತ್ತಿತ್ತು.

ಹೊರಗೆ ಗಂಡಸರ ಗದ್ದಲ ಏರಿತು. ಬೇವಿನ ಮರಕ್ಕೆ ಆದೆಪ್ಪನನ್ನು ಕಟ್ಟಿದ್ದರು. ಹುಲಿಹೈದರದ ಕಡೆ ಇಲಿ ಸತ್ತು ಬೀಳುತ್ತಿವೆ ಎಂದು ತಿಳಿದ ಮೇಲೆ ಪ್ಲೇಗಿಗೆ, ಊರವರ ಬಾಯಲ್ಲಿ ಗಂಟು ಬ್ಯಾನಿಗೆ, ಸೂಜಿ ಹಾಕಲು ಸರ್ಕಾರ ಕಳಿಸಿದ ಮನುಷ್ಯ ಅವನು. ಹಣೆ ಒಡೆದಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ಹೋಗಿತ್ತು. ಔಷಧದ ಪೆಟ್ಟಿಗೆ ಊರ ಪೊಲೀಸ್ ಪಾಟೀಲ ಮುದಿಯಪ್ಪಗೌಡನ ಕಾಲ ಬಳಿ ಇತ್ತು.

"ಗೌಡ್ರ, ಒಂದು ಮಾತು ಕೇಳ್ರಿ," ಎಂದ ಆದೆಪ್ಪ. "ಹೋದ ವರ್ಷ ಗಂಗಾವತಿ ಕಡೆ ಸಾವಿರಗಟ್ಟಲೆ ಮಂದಿಗೆ ಹಾಕೀವಿ. ಅದರಾಗ ಮುದುಕ್ರು ಕೆಲವರು ಸತ್ತಾರ, ಇಲ್ಲ ಅನ್ನೂದಿಲ್ಲ. ಸೂಜಿ ಹಾಕದ ಊರಾಗ ಮುದುಕ್ರು ಸಾಯೂದಿಲ್ಲೇನ್ರಿ? ಎರಡೂ ಕಡೀದು ಸರ್ಕಾರದವ್ರು ಬಾಜೂಕ ಬಾಜೂ ಇಟ್ಟು ನೋಡ್ಯಾರ. ಮುದುಕ್ರ ಸಾವು ಅಲ್ಲೂ ಅಷ್ಟ, ಇಲ್ಲೂ ಅಷ್ಟ. ಗಂಟು ಬ್ಯಾನಿ ಸಾವು ಮಾತ್ರ ಸೂಜಿ ಹಾಕಿದ ಕಡೆ ಕಡಿಮಿ ಆಗ್ಯಾವ."

"ನಿನ್ನ ಸರ್ಕಾರದ ಲೆಕ್ಕ ಹೈದರಾಬಾದಿನಾಗ ಹೇಳು," ಎಂದ ದೇವೇಂದ್ರಪ್ಪ. ಅಳು, ಸಿಟ್ಟು ಎರಡೂ ಸೇರಿ ಅವನ ದನಿ ಒಡೆದಿತ್ತು. "ನಮ್ಮ ಮನ್ಯಾಗ ಒಂದ ಲೆಕ್ಕ. ನಮ್ಮವ್ವ ಸೂಜಿ ಹಾಕಿಸ್ಕೊಂಡ್ಳು, ನಮ್ಮವ್ವ ಸತ್ಲು."

ಇಡೀ ಊರಿಗೆ ಆ ಲೆಕ್ಕ ಒಪ್ಪಿತವಾಯಿತು.

ಗೌಡ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿದ. ಮೂರು ದಿನದ ಹಿಂದೆ ಇದೇ ಗೌಡ ಡಂಗುರ ಹೊಡೆಸಿದ್ದ: ಸೂಜಿ ಹಾಕಿಸಿಕೊಳ್ಳದವರು ಒಬ್ಬರಿದ್ದರೂ ಆ ಮನೆಯವರೆಲ್ಲ ಊರು ಬಿಟ್ಟು ಹೊರಗೆ ಗುಡಿಸಲಲ್ಲಿ ಇರತಕ್ಕದ್ದು ಎಂದು. ಈಗ ಗಾಳಿ ತಿರುಗಿತ್ತು, ಗೌಡನೂ ತಿರುಗಿದ್ದ. "ಈ ಪೆಟ್ಟಿಗೀನ ಮುದುಕಿ ಕುಣ್ಯಾಗ ಇಡ್ರಿ," ಎಂದ. "ಆಕೀನ ತಿಂದದ್ದು ಆಕಿ ಜೋಡೀನ ಮಣ್ಣಾಗ್ಲಿ. ಆಮ್ಯಾಲ ಇವನ್ನ ನೋಡೂಣು."

ಬಾಗಿಲ ಸಂದಿಯಿಂದ ಶೇಖರಮ್ಮ ಇದನ್ನು ಕೇಳಿದಳು. ದೊಡ್ಡವರ ಸರದಿ ಮೊನ್ನೆ ಮುಗಿದಿತ್ತು. ಮಕ್ಕಳ ಸರದಿ ಇಂದು ಇತ್ತು. ನಿನ್ನೆ ಅವರ ಹಿತ್ತಲಿನಲ್ಲಿ, ನೆಲದಡಿ ಜೋಳ ತುಂಬಿಟ್ಟ ಹಗೇವಿನ ಬಾಯಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ಕಳಕಮ್ಮನೇ ಅದನ್ನು ಕಟ್ಟಿಗೆಯಿಂದ ಎತ್ತಿ ಸುಟ್ಟು, ಯಾರಿಗೂ ಹೇಳಬೇಡ ಎಂದಿದ್ದಳು. ಶೇಖರಮ್ಮನ ಕೈ ತಾನಾಗಿಯೇ ಮಗಳ ನೆತ್ತಿಯ ಮೇಲೆ ಹೋಯಿತು. ಹೋದದ್ದೇ ಬೆಂಕಿ ಮುಟ್ಟಿದಂತೆ ಹಿಂದೆ ಬಂತು.

*

ಮೊನ್ನೆ ಮನೆಮನೆಗೂ ಕಟ್ಟಿದಂತೆ ಅದೇ ಬಾಗಿಲಿಗೂ ಕಂಬಳಿ ಕಟ್ಟಿದ್ದರು. ಹೆಣ್ಣುಮಕ್ಕಳು ಪರ ಗಂಡಸಿನ ಮುಂದೆ ತೋಳು ಬಿಚ್ಚಿ ನಿಲ್ಲುವುದು ಹೇಗೆಂದು ಊರಲ್ಲಿ ಮಾತು ಬಂದಾಗ ಗೌಡನೇ ಮಾಡಿದ ಏರ್ಪಾಡು ಅದು. ಕಂಬಳಿಗೆ ಒಂದು ಸೀಳು. ಒಳಗಿನವಳು ಯಾರ ಹೆಂಡತಿ, ಯಾರ ತಾಯಿ ಎಂದು ಹೇಳಿ ಸೀಳಿನಿಂದ ಕೈ ಚಾಚಬೇಕು. ಹೊರಗೆ ಆದೆಪ್ಪ ಚುಚ್ಚಬೇಕು. ಮಾನವೂ ಉಳಿಯಿತು, ಜೀವವೂ ಉಳಿಯಿತು ಎಂದು ಗೌಡ ಮೀಸೆ ತಿರುವಿದ್ದ.

ಶೇಖರಮ್ಮ ತನ್ನ ಎಡಗೈ ಕೊಟ್ಟು ಹಿಂದೆ ಸರಿದಾಗ ಅತ್ತೆ ಅವಳ ರಟ್ಟೆ ಹಿಡಿದಳು. "ನಂದೂ ನೀನ ಹಾಕಿಸ್ಕೊ," ಎಂದು ಪಿಸುಗುಟ್ಟಿದಳು.

"ಅತ್ತಿ, ಹಂಗ ಹ್ಯಾಂಗ ಆಕ್ಕೈತಿ?"

"ಆಕ್ಕೈತಿ. ನಾ ಹರೇದಾಕಿದ್ದಾಗ ಗಂಟು ಬ್ಯಾನಿ ನನ್ನ ಮೈಯಾಗ ಬಂದು, ನೋಡಿ, ಬ್ಯಾಡಂತ ಬಿಟ್ಟು ಹೋಗೈತಿ. ಬಾಜೂಕ ಮಲಗಿದ್ದ ನನ್ನ ಎರಡು ಕೂಸು ಒಯ್ತು. ಆ ರೋಗದ ಜೋಡಿ ನಂದು ಮುಗದೈತಿ. ಈಗ ಅದರ ಹೆಸರಿಲೆ ನಾ ಯಾಂವಗೂ ಕೈ ಚಾಚೂದಿಲ್ಲ."

ಎರಡು ಕೂಸಿನ ಮಾತನ್ನು ಅವಳು ಹನ್ನೆರಡು ವರ್ಷದಲ್ಲಿ ಸೊಸೆಯ ಮುಂದೆ ಎತ್ತಿದ್ದು ಅದೇ ಮೊದಲು. ಮುದುಕಿ ಆಗಲೇ ಮೂಲೆಯಲ್ಲಿ ಆಡುತ್ತಿದ್ದ ಪಂಪಾವತಿಯನ್ನು ಎಳೆದು ತಂದು, ಅವಳ ತಲೆಯ ಮೇಲೆ ಸೊಸೆಯ ಕೈ ಇಟ್ಟು ಒತ್ತಿದಳು. "ಇದರ ತಲಿ ಮ್ಯಾಲ ಆಣಿ ಮಾಡು. ನನ್ನ ಮಗನಿಗೂ ಹೇಳಬಾರದು, ಊರಿಗೂ ಹೇಳಬಾರದು. ಹೇಳಿದ್ರ ಎಲ್ಲಾರೂ ಗುಡಿಸಲು ಸೇರಬೇಕಾಕ್ಕೈತಿ."

ಶೇಖರಮ್ಮ ಆಣೆ ಮಾಡಿದಳು. ವಿಧವೆಯ ಬೋಳು ಕೈ ಎಂದು ತೋರಬೇಕಲ್ಲ. ಅತ್ತೆ ತನ್ನ ಹಳೆಯ ಸೀರೆಯ ತುಂಡನ್ನು ಅವಳ ಹಸಿರು ಬಳೆಗಳ ಮೇಲೆ ಸುತ್ತಿ, ಬಲಗೈಯನ್ನು ಸೀಳಿನಿಂದ ಹೊರಗೆ ತಳ್ಳಿ, "ದೇವೇಂದ್ರಪ್ಪನ ತಾಯಿ," ಎಂದು ತಾನೇ ಕೂಗಿದಳು.

"ಎಲ್ಲಾರೂ ಎಡಗೈ ಕೊಟ್ಟಾರಬೇ," ಎಂದ ಆದೆಪ್ಪ ಹೊರಗಿನಿಂದ.

"ಎಡಗೈ ನೋವೈತಿ. ಕೊಟ್ಟದ್ದು ತಗೋ."

"ಯಮ್ಮಾ, ಈ ವಯಸ್ಸಿನಾಗೂ ತೋಳು ಭಾಳ ಗಟ್ಟಿ ಅದಾವ."

"ಜ್ವಾಳದ ರೊಟ್ಟಿ ತಿಂದದ್ದೋ ಅದು. ನಿನ್ನಂಗ ಸರ್ಕಾರದ ಅನ್ನ ತಿಂದದ್ದಲ್ಲ."

ಹೊರಗಿನವರು ನಕ್ಕರು. ಸೂಜಿ ಇಳಿಯಿತು.

ಅಂದು ಸಂಜೆಯಿಂದ ಶೇಖರಮ್ಮನಿಗೆ ಜ್ವರ ಏರಿತು. ಯುದ್ಧದ ಕಾಲ, ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ. ದೀಪ ಹೆಚ್ಚು ಹೊತ್ತು ಉರಿದರೆ ಬೈಯುವ ಅತ್ತೆ ಅಂದು ಅದನ್ನು ಆರಿಸಲೇ ಇಲ್ಲ. ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕಿದಳು, ಬಿಸಿ ಉಪ್ಪಿನ ಗಂಟಿನಿಂದ ಎರಡೂ ತೋಳಿಗೆ ಕಾಸಿದಳು. "ನನ್ನ ಪಾಲೂ ಸೇರಿಸಿ ಉಂಡೀದಿ, ಅಜೀರ್ಣ ಆಗೈತಿ," ಎಂದು ಬೊಚ್ಚುಬಾಯಲ್ಲಿ ನಕ್ಕಳು. ಆ ನಗು ನೋಡಿ ಶೇಖರಮ್ಮನಿಗೆ, ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದಳೋ ಎಂದು ಅಳು ಬಂತು.

ಇಂದು ಬೆಳಿಗ್ಗೆ ಕಳಕಮ್ಮ ಎಂದಿನಂತೆ ಎದ್ದು, ಎಮ್ಮೆಗೆ ಹಿಂಡಿ ಇಟ್ಟು, ಕಂಬಕ್ಕೆ ಒರಗಿ ಮೂಗಿಗೇರಿಸುವ ತಪಕೀರಿನ ಡಬ್ಬಿ ತೆಗೆದಿದ್ದಳು. ಶೇಖರಮ್ಮ ಸಗಣಿ ಬಾಚಿ ಬರುವಷ್ಟರಲ್ಲಿ ಕತ್ತು ವಾಲಿತ್ತು. ಚಿಟಿಕೆ ತಪಕೀರು ಇನ್ನೂ ಬೆರಳ ಸಂದಿಯಲ್ಲೇ ಇತ್ತು. ಜ್ವರವಿಲ್ಲ, ಗಂಟಿಲ್ಲ, ಒಂದು ನರಳಿಕೆಯೂ ಇಲ್ಲ.

*

ಬಿದಿರು ಕಟ್ಟಿದ ವಿಮಾನದಲ್ಲಿ ಕೂತು, ನಾಲ್ವರ ಹೆಗಲ ಮೇಲೆ ಕಳಕಮ್ಮ ಊರ ಹೊರಗಿನ ಹೊಲಕ್ಕೆ ಬಂದಳು. ಹಿಂದಿನಿಂದ ಕೈ ಕಟ್ಟಿದ ಆದೆಪ್ಪನನ್ನು ಎಳೆದು ತಂದರು. ದಾರಿಯುದ್ದಕ್ಕೂ ಭಜನೆಗಿಂತ ಬೈಗುಳ ಜೋರಾಗಿತ್ತು. ದೇವೇಂದ್ರಪ್ಪ ಸಮಾಧಿಯ ಕುಣಿಗೆ ಇಳಿದು ತಾಯಿಯನ್ನು ಅದರ ಗೋಡೆಯ ಗೂಡಿನಲ್ಲಿ ಕೂರಿಸಿದ. ಐನೋರು ಎಡ ಅಂಗೈಯಲ್ಲಿ ಲಿಂಗ ಇಡಿಸಿದರು.

"ಪೆಟ್ಟಿಗಿ ಕೊಡ್ರಿ," ಎಂದ ಗೌಡ.

"ನನ್ನ ಹುಗೀರಿ ಗೌಡ್ರ, ಅದನ್ನ ಹುಗೀಬ್ಯಾಡ್ರಿ," ಎಂದ ಆದೆಪ್ಪ. "ಇನ್ನ ಹುಡುಗ್ರು ಉಳದಾವ." ಯಾರೋ ಅವನ ಬಾಯ ಮೇಲೆ ಹೊಡೆದರು.

ಪೆಟ್ಟಿಗೆ ಕೈಯಿಂದ ಕೈಗೆ ದಾಟಿ ಕುಣಿಯ ಅಂಚಿಗೆ ಬಂತು. ಶೇಖರಮ್ಮ ಮಗಳ ಕೈ ಬಿಟ್ಟು ಗಂಡಸರ ನಡುವೆ ನುಗ್ಗಿದಳು. ಆಣೆ ಮುರಿದರೆ ಮಗಳಿಗೇನಾದೀತೋ. ಮುರಿಯದಿದ್ದರೆ ಏನಾಗುತ್ತದೆಂದು ಹಗೇವಿನ ಇಲಿ ಹೇಳಿಯಾಗಿತ್ತು. ಅವಳು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಅತ್ತಿ ಸೂಜಿ ಹಾಕಿಸ್ಕೊಂಡಿಲ್ಲ," ಎಂದಳು.

ಗೌಡ ಮುಂದೆ ಬಂದ. "ನಾನ ಬಾಗಲಾಗ ನಿಂತಿದ್ನಿ. ಈ ಕಣ್ಣಾರೆ ಕೈ ನೋಡೀನಿ."

"ಕೈ ನೋಡೀರಿ. ಯಾರ ಕೈ ಅಂತ ನೋಡಿಲ್ಲ." ಶೇಖರಮ್ಮ ಸೆರಗು ಸರಿಸಿ ಎರಡೂ ಕುಪ್ಪಸದ ತೋಳು ಮೇಲೆ ಸರಿಸಿದಳು. ಎರಡೂ ಕಡೆ ಕೆಂಪಗೆ ಬಾತು, ಒಂದೊಂದು ಕಪ್ಪು ಚುಕ್ಕೆ ಇತ್ತು. "ಇದು ನಂದು. ಇದು ಅತ್ತೀದು. ಎರಡೂ ನನ್ನ ಮೈಯಾಗ ಅದಾವ, ನಾ ಸತ್ತಿಲ್ಲ."

ಗಂಡಸರು ಮುಖ ತಿರುಗಿಸಿದರು. "ಮೈ ಮುಚ್ಚು," ಎಂದ ದೇವೇಂದ್ರಪ್ಪ ಕುಣಿಯೊಳಗಿಂದ. "ನಮ್ಮವ್ವ ಸುಳ್ಳು ಹೇಳ್ಯಾಳ ಅಂತೀ? ಆಕೀನ ಮಣ್ಣಾಗ ಇಡೂ ಹೊತ್ತಿನಾಗ?"

"ಬಲಗೈ ನೋಡ್ರಿ. ನಿಮ್ಮ ಕೈಯಾಗ ಐತಿ."

ಹಂಪವ್ವ ಹಿಂದಿನಿಂದ ನಿಧಾನವಾಗಿ ಹೇಳಿದಳು: "ಎಡಗೈ ನಾ ನೋಡೀನಿ, ಏನೂ ಇದ್ದಿಲ್ಲ. ಬಲಗೈ ನೋಡಾಕ ಈಕಿ ಬಿಡಲಿಲ್ಲ. ಬಳ್ದುಬಿಟ್ಳು."

ದೇವೇಂದ್ರಪ್ಪ ತಾಯಿಯ ಬಲದೋಳಿನ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿದ. ಭುಜದವರೆಗೂ ಒರೆಸಿದ. ಒಣಗಿದ, ಸುಕ್ಕುಗಟ್ಟಿದ ಚರ್ಮ. ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ. ಅವನು ಆ ತೋಳಿಗೆ ಮತ್ತೆ ಸೆರಗು ಹೊದಿಸಿದ.

"ಹಂಗಾರ ಯಾತರಿಂದ ಸತ್ಲು?" ಎಂದು ಯಾರೋ ಕೇಳಿದರು.

"ವಯಸ್ಸಾಗಿತ್ತು," ಎಂದಳು ಹಂಪವ್ವ.

ಆ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ಅಷ್ಟು ದೂರ ಹೊತ್ತು ತಂದ ಸಿಟ್ಟನ್ನು ಇಳಿಸುವುದಕ್ಕೆ ಒಂದು ತಲೆ ಬೇಕಿತ್ತು, ಅದು ಎದುರಿಗೇ ಕೂತಿತ್ತು. ಅತ್ತೆಗೆ ಸೂಜಿ ತಪ್ಪಿಸಿ ಕೊಂದವಳು ಎಂದರು. ಊರ ಗಂಡಸರೆದುರು ತೋಳು ಬಿಚ್ಚಿದವಳು ಎಂದರು. ಎರಡು ಪಾಲು ತಾನೇ ನುಂಗಿದಳು ಎಂದೂ ಒಬ್ಬಳು ಅಂದಳು.

"ಇನ್ನ ಏನು ಹೇಳಿದ್ರೂ ಅಷ್ಟ," ಎಂದ ಗೌಡ, ಯಾರ ಮುಖವನ್ನೂ ನೋಡದೆ. "ಸೂಜಿಯಿಂದ ಒಬ್ಬಾಕಿ ಮುದುಕಿ ಸತ್ಲು ಅಂತ ಮುಂಜಾನೀನ ಕುಷ್ಟಗಿ ಕಚೇರಿಗೆ ತಳವಾರನ್ನ ಕಳಿಸೀನಿ. ಸರ್ಕಾರಕ್ಕ ಮುಟ್ಟಿದ್ದು ಮುಟ್ಟಿತು. ಮಣ್ಣು ಕೊಡ್ರಿ."

ದೇವೇಂದ್ರಪ್ಪ ಮೇಲೆ ಬಂದ. ಪೆಟ್ಟಿಗೆಯನ್ನು ಕೇಳಲಿಲ್ಲ, ಹೆಂಡತಿಯನ್ನು ನೋಡಲಿಲ್ಲ. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಶೇಖರಮ್ಮ ಮಣ್ಣು ಹಿಡಿದು ಎದ್ದಾಗ ಅವಳಿಗೆ ಯಾರೂ ದಾರಿ ಬಿಡಲಿಲ್ಲ. ಅವಳ ಮುಷ್ಟಿಯ ಮಣ್ಣು ಅಲ್ಲೇ ಕಾಲ ಬಳಿ ಸುರಿಯಿತು.

ಅವಳು ಪೆಟ್ಟಿಗೆಯನ್ನು ಆದೆಪ್ಪನ ಮುಂದೆ ತಂದಿಟ್ಟು ಅವನ ಹಿಂದೆ ಮೊಣಕಾಲೂರಿದಳು. ಹಗ್ಗ ರಕ್ತದಲ್ಲಿ ನೆನೆದು ಬಿಗಿದಿತ್ತು. ಬಾತ ತೋಳುಗಳಿಗೆ ಬಲವಿರಲಿಲ್ಲ. ಊರೆಲ್ಲ ನೋಡುತ್ತಿರಲು ಬಗ್ಗಿ, ಗಂಟಿಗೆ ಬಾಯಿ ಹಾಕಿ, ಹಲ್ಲಿನಿಂದ ಬಿಚ್ಚಿದಳು. ಆಮೇಲೆ ಪಂಪಾವತಿಯನ್ನು ಹತ್ತಿರ ಕರೆದು, ಅದರ ಎಡಗಡೆಯ ಅಂಗಿತೋಳನ್ನು ಭುಜದವರೆಗೆ ಸರಿಸಿ, ಆ ಪುಟ್ಟ ತೋಳನ್ನು ಆದೆಪ್ಪನ ಮುಂದೆ ಬಿಸಿಲಿಗೆ ಹಿಡಿದು ನಿಂತಳು.